ಗಪ್ಪಾದ ಭಟ್ಟಿ

ಫೌಂಡ್ರಿಯ ಸದ್ದನ್ನು ಆರಿಸಿದ ದಿನ ಮೊದಲ ಹತ್ತು ನಿಮಿಷ ಯಾರೂ ಕೆಲಸ ಮಾಡಲಿಲ್ಲ.

ಎರಡೂ ಭಟ್ಟಿಗಳಲ್ಲಿ ಕಬ್ಬಿಣ ಕರಗುತ್ತಿತ್ತು. ಮರಳಿನ ಅಚ್ಚುಗಳನ್ನು ಕುಲುಕಿ ಒಡೆಯುವ ಯಂತ್ರ ಎಂದಿನಂತೆ ಕುಣಿಯುತ್ತಿತ್ತು. ಗ್ರೈಂಡಿಂಗ್ ಮಾಡುವವರ ಕೈಯಿಂದ ಕಿಡಿಗಳು ಹಾರಿ ನೆಲಕ್ಕೆ ಬೀಳುತ್ತಿದ್ದವು. ಎಲ್ಲ ನಡೆದಿತ್ತು, ಸದ್ದೊಂದನ್ನು ಬಿಟ್ಟು. ಬೆಳಗಾವಿಯ ಹೊರವಲಯದ ಆ ಷೆಡ್ಡಿನಲ್ಲಿ ನಲವತ್ತು ವರ್ಷ ಬಿಡದೆ ಮೊರೆದ ಗದ್ದಲ, ಒಂದು ಗುಂಡಿ ಒತ್ತಿದ್ದಕ್ಕೆ, ಪಕ್ಕದ ಮನೆಯ ಮಿಕ್ಸರ್‌ನಷ್ಟಾಗಿ ಉಳಿಯಿತು. "ಕರೆಂಟ್ ಹೋತೇನಲೇ?" ಎಂದು ಯಾರೋ ಕೂಗಿದರು. ಆ ಕೂಗು ಇಡೀ ಷೆಡ್ಡಿಗೆ ಕೇಳಿಸಿತು. ಕೂಗಿದವನೇ ಬೆಚ್ಚಿ ಬಾಯಿ ಮುಚ್ಚಿಕೊಂಡ.

ಗುಂಡಿ ಒತ್ತಿದವಳು ಮಂದಾಕಿನಿ ಅಂಕಲಗಿ. ಆ ಫೌಂಡ್ರಿಯ ಪರಿಸರ, ಆರೋಗ್ಯ ಮತ್ತು ಸುರಕ್ಷತಾ ಸಂಯೋಜಕಿ. ಅಷ್ಟುದ್ದದ ಹೆಸರನ್ನು ಅಲ್ಲಿ ಯಾರೂ ಬಳಸುತ್ತಿರಲಿಲ್ಲ. ಎಲ್ಲರಿಗೂ ಅವಳು ಸೇಫ್ಟಿ ಮೇಡಂ. ಹೆಲ್ಮೆಟ್ ಹಾಕಿಲ್ಲವೆಂದು ಬೈಯುವುದು, ಹೊಗೆ ಅಳೆಯುವುದು, ವರ್ಷಕ್ಕೊಮ್ಮೆ ಎಲ್ಲರ ಕಿವಿ, ಕಣ್ಣು, ಎದೆ ಪರೀಕ್ಷೆ ಮಾಡಿಸುವುದು ಅವಳ ಕೆಲಸ. ಮೂವತ್ತಾರರ ವಯಸ್ಸು, ತೆಳ್ಳಗಿನ ಆಳು, ದೊಡ್ಡ ಧ್ವನಿ. ಫೌಂಡ್ರಿಯಲ್ಲಿ ಎಂಟು ವರ್ಷ ಮಾತಾಡಿದ್ದರಿಂದ ಬಂದ ಧ್ವನಿ ಅದು.

ಹೊಸ ವ್ಯವಸ್ಥೆಗೆ ಕಂಪನಿ ಇಟ್ಟ ಹೆಸರು ಮೌನಜಾಲ. ಕಂಬಗಳಿಗೂ ಛಾವಣಿಗೂ ಯಂತ್ರಗಳ ಬುಡಕ್ಕೂ ಅಂಟಿಸಿದ ಸಾವಿರಾರು ತೆಳು ಹಾಳೆಗಳು. ಒಂದೊಂದು ಹಾಳೆಯಲ್ಲೂ ಕೇಳುವ ಚಿಪ್, ನುಡಿಯುವ ಚಿಪ್. ಸದ್ದಿನ ಅಲೆ ಬರುತ್ತಿದ್ದಂತೆಯೇ ಅದಕ್ಕೆ ಸರಿಯಾಗಿ ವಿರುದ್ಧವಾದ ಅಲೆಯನ್ನು ಅವು ಹೊರಡಿಸುತ್ತಿದ್ದವು. ಒಂದು ಏರುವಾಗ ಇನ್ನೊಂದು ಇಳಿಯುತ್ತದೆ, ಎರಡೂ ಸೇರಿ ಚಪ್ಪಟೆ. ಮನುಷ್ಯರ ಮಾತನ್ನು ಮಾತ್ರ ಗುರುತಿಸಿ ಬಿಟ್ಟುಕೊಡುತ್ತಿದ್ದವು. ದೇಶದಲ್ಲಿ ಇಷ್ಟು ದೊಡ್ಡ ಷೆಡ್ಡಿಗೆ ಅದನ್ನು ಹಾಕಿದ್ದು ಇದೇ ಮೊದಲು. ಕಾರ್ಮಿಕರು ಎರಡೇ ದಿನದಲ್ಲಿ ಅದಕ್ಕೆ ತಮ್ಮ ಹೆಸರಿಟ್ಟರು: ಗಪ್ಪ, ಅಂದರೆ ಸದ್ದಿಲ್ಲದ್ದು. "ಗಪ್ಪ ಹಚ್ಚ್ಯಾರೇನು?" "ಹಚ್ಚ್ಯಾರ, ಸಾವಕಾಶ ಮಾತಾಡು."

ಆ ಮೊದಲ ದಿನ ಮಂದಾಕಿನಿ ಭಟ್ಟಿಗಳ ಬಳಿ ಹೋದಾಗ ದಸ್ತಗೀರಸಾಬ ಮುಜಾವರ ತಲೆಯ ಮೇಲಿನ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಐವತ್ತೇಳು ವರ್ಷದ ಮನುಷ್ಯ. ಮೂವತ್ತು ವರ್ಷದಿಂದ ಭಟ್ಟಿ ನೋಡಿಕೊಳ್ಳುವವನು.

"ಹೆಲ್ಮೆಟ್ ಹಾಕ್ಕೋರಿ ಚಾಚಾ," ಎಂದಳು.

ಅವನು ಹಾಕಿಕೊಂಡ. ಆಮೇಲೆ ಎರಡನೇ ಭಟ್ಟಿಯ ಕಡೆ ಕೈ ತೋರಿಸಿ, ಸಾವಿನ ಮನೆಗೆ ಬಂದವನಂತೆ ತಗ್ಗಿದ ದನಿಯಲ್ಲಿ ಕೇಳಿದ: "ಮೇಡಂ, ಇದು ಜೀವಂತ ಐತೋ ಇಲ್ಲೋ ನಾ ಹೆಂಗ ತಿಳ್ಕೊಳ್ಳಿ?"

"ಪ್ಯಾನೆಲ್ ನೋಡ್ರಿ. ಎಲ್ಲಾ ಅದರಾಗ ಬರ್ತೈತಿ."

ಅವನು ಪ್ಯಾನೆಲ್ ನೋಡಿದ. ತಲೆಯಾಡಿಸಿದ. ಒಪ್ಪಿದ್ದಕ್ಕೋ ಒಪ್ಪದ್ದಕ್ಕೋ ಅವಳಿಗೆ ತಿಳಿಯಲಿಲ್ಲ.

ಆ ಸಂಜೆ ಮನೆಯಲ್ಲಿ ಅವಳು ಅಪ್ಪನಿಗೆ ಎಲ್ಲ ಹೇಳಿದಳು. ಹೇಳಿದಳು ಅಂದರೆ ಮೊಬೈಲಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು ತೋರಿಸಿದಳು. ಅಪ್ಪ ಬಸಲಿಂಗಪ್ಪ ಇನ್ನೊಂದು ಫೌಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ಗ್ರೈಂಡಿಂಗ್ ಮಾಡಿದವನು. ಮಂದಾಕಿನಿ ಹೈಸ್ಕೂಲಿಗೆ ಬರುವ ಹೊತ್ತಿಗೆ ಅವನ ಕಿವಿ ಮುಕ್ಕಾಲು ಹೋಗಿತ್ತು. ಅವಳು ಕಾಲೇಜು ಮುಗಿಸುವಷ್ಟರಲ್ಲಿ ಪೂರಾ ಹೋಯಿತು. ಕಿವಿಗೆ ಹಾಕುವ ಯಂತ್ರಗಳಿಂದಲೂ ಪ್ರಯೋಜನವಾಗಲಿಲ್ಲ. ತಾಯಿ ತೀರಿಹೋದ ಮೇಲೆ ಆ ಮನೆಯಲ್ಲಿ ಇಬ್ಬರೇ. ಇವಳು ಬರೆಯುವುದು, ಅವನು ಮಾತಾಡುವುದು.

ಅಪ್ಪ ಕನ್ನಡಕ ಏರಿಸಿ ನಿಧಾನವಾಗಿ ಓದಿದ. "ಪೂರಾ ಸದ್ದು ಬಂದ್?" ಎಂದ.

ಅವಳು ತಲೆಯಾಡಿಸಿದಳು.

"ಗ್ರೈಂಡಿಂಗ್‌ದ್ದೂ?"

"ಹೌದು" ಎಂದು ಬರೆದು ತೋರಿಸಿದಳು.

ಅವನು ಮೊಬೈಲನ್ನು ಅವಳ ಕೈಗೆ ವಾಪಸು ಕೊಟ್ಟ. ಆಮೇಲೆ, "ನಮ್ಮ ಕಾಲಕ್ಕ ಇದು ಇತ್ತಂದ್ರ ನಿನ್ನ ಧ್ವನಿ ಹೆಂಗ ಐತಿ ಅಂತ ನನಗ ಗೊತ್ತಿರ್ತಿತ್ತವ್ವಾ," ಎಂದ. "ನನ್ನ ತಲ್ಯಾಗ ನೀ ಇನ್ನೂ ಆರನೇ ಇಯತ್ತೆ ಹುಡುಗಿ ಹಂಗ ಮಾತಾಡ್ತಿ."

ಮಂದಾಕಿನಿ ಎದ್ದು ಅಡುಗೆಮನೆಗೆ ಹೋದಳು. ಹಾಲು ಕಾಯಿಸುವ ನೆಪ ಮಾಡಿಕೊಂಡು ಅಲ್ಲೇ ಸ್ವಲ್ಪ ಹೊತ್ತು ನಿಂತಳು. ತಾನು ಮಾಡಿದ್ದು ಸರಿ ಎಂಬುದರಲ್ಲಿ ಅವತ್ತು ಅವಳಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಅನುಮಾನ ಬಂದದ್ದು ಆಮೇಲೆ, ಚೂರುಚೂರಾಗಿ.

ನಾಲ್ಕು ತಿಂಗಳ ನಂತರದ ಪರೀಕ್ಷೆಯಲ್ಲಿ ಎಳೆಯ ಕಾರ್ಮಿಕರ ಕಿವಿಗಳು ಚೆನ್ನಾಗಿದ್ದವು. ರಕ್ತದೊತ್ತಡ ಇಳಿದಿತ್ತು. ಮನೆಯಲ್ಲಿ ಗಂಡ ಟೀವಿ ಸಣ್ಣಗೆ ಇಡುತ್ತಾನೆ, ಕರೆದರೆ ಒಂದೇ ಸಲಕ್ಕೆ ಓಗೊಡುತ್ತಾನೆ ಎಂದು ಗೇಟಿನ ಬಳಿ ಸಿಕ್ಕ ಹೆಂಗಸೊಬ್ಬಳು ಅವಳ ಕೈ ಹಿಡಿದುಕೊಂಡು ಹೇಳಿದಳು. ಇಯರ್‌ಪ್ಲಗ್‌ಗಳನ್ನೆಲ್ಲ ಡಬ್ಬಿಗೆ ತುಂಬಿ ಸ್ಟೋರಿಗೆ ಕಳಿಸಿಯಾಗಿತ್ತು. ಆದರೆ ಅದೇ ನಾಲ್ಕು ತಿಂಗಳಲ್ಲಿ "ಸ್ವಲ್ಪದರಲ್ಲಿ ತಪ್ಪಿತು" ಎಂಬ ಚೀಟಿಗಳು ಹೆಚ್ಚಾಗಿದ್ದವು. ಫೋರ್ಕ್‌ಲಿಫ್ಟ್ ಬೆನ್ನ ಹಿಂದೆ ಬಂದದ್ದು ಗೊತ್ತಾಗಲಿಲ್ಲ ಎಂದು ಒಬ್ಬ. ತಿರುಗುತ್ತಿದ್ದ ಚಕ್ರ ನಿಂತಿದೆ ಎಂದುಕೊಂಡು ಕೈ ಹಾಕಲು ಹೋದೆ ಎಂದು ಇನ್ನೊಬ್ಬ ಬರೆದಿದ್ದ. ಅವಳು ಫೋರ್ಕ್‌ಲಿಫ್ಟಿಗೆ ನೀಲಿ ದೀಪ ಹಾಕಿಸಿದಳು, ಚಕ್ರಗಳಿಗೆ ಬಿಳಿ ಪಟ್ಟೆ ಬಳಿಸಿದಳು. ಏಟು ಬಿದ್ದವರ ಸಂಖ್ಯೆ ಕಡಿಮೆ, ಬೀಳುವುದರಲ್ಲಿದ್ದವರ ಸಂಖ್ಯೆ ಜಾಸ್ತಿ. ಹಾಗಾದರೆ ಷೆಡ್ಡು ಸುರಕ್ಷಿತವಾಯಿತೋ ಇಲ್ಲವೋ? ತಿಂಗಳ ವರದಿ ಬರೆಯಲು ಕುಳಿತಾಗ ಒಂದೇ ವಾಕ್ಯವನ್ನು ಮೂರು ಥರ ಬರೆದು ಮೂರನ್ನೂ ಹೊಡೆದುಹಾಕಿದಳು.

ಒಂದು ದಿನ ಗ್ರೈಂಡಿಂಗ್ ವಿಭಾಗದ ಶಿವಪುತ್ರ ಅವಳ ಕೋಣೆಯ ಬಾಗಿಲಲ್ಲಿ ಬಂದು ನಿಂತ. ವರ್ಷದ ಹಿಂದೆ ಅವನ ಹೆಂಡತಿ ಹೆರಿಗೆಯಲ್ಲಿ ತೀರಿಹೋಗಿದ್ದಳು.

"ನನಗ ಗಪ್ಪ ಬ್ಯಾಡ್ರಿ ಮೇಡಂ. ಹೊರಗ ಎಲ್ಲ್ಯರ ಹಾಕ್ರಿ."

"ಯಾಕ್ರಿ, ಕಿವಿ ನೋವೇನು?"

"ಕಿವಿ ಬೇಸ್ ಐತ್ರಿ. ಮೊದಲ ಆ ಸದ್ದಿನಾಗ ಏನೂ ನೆನಪಾಗ್ತಿದ್ದಿಲ್ರಿ. ಎಂಟು ತಾಸು ತಲಿ ಖಾಲಿ ಇರ್ತಿತ್ತು. ಈಗ ಎಲ್ಲಾ ನೆನಪಾಗ್ತೈತಿ."

ಇದನ್ನು ಯಾವ ಫಾರ್ಮಿನಲ್ಲಿ ತುಂಬುವುದು? ಅವಳು ಅವನನ್ನು ಅಂಗಳದ ಸ್ಕ್ರ್ಯಾಪ್ ವಿಂಗಡಿಸುವ ಕೆಲಸಕ್ಕೆ ಬದಲಾಯಿಸಿದಳು. ಕಾರಣ ಎಂಬಲ್ಲಿ "ಆರೋಗ್ಯ" ಎಂದಷ್ಟೇ ಬರೆದಳು.

ಐದನೇ ತಿಂಗಳ ಒಂದು ಸೋಮವಾರ, ಬೆಳಗಿನ ಶಿಫ್ಟಿನಲ್ಲಿ, ದಸ್ತಗೀರಸಾಬ ಅವಳನ್ನು ಕರೆಸಿದ.

"ಎರಡ್ನೇ ಭಟ್ಟಿ ಬರೋಬ್ಬರಿ ಇಲ್ರಿ."

"ಏನಾಗೈತಿ?"

"ಅದ ಗೊತ್ತಾಗವಲ್ದು. ಕಬ್ಬಿಣ ಲಗೂನ ಕರಗಾಕತ್ತೈತಿ. ಮ್ಯಾಲಿನ ಬೆಂಕಿ ಬಣ್ಣ ಒಂದ ಕಡೆ ಜಾಸ್ತಿ ಅನಿಸ್ತೈತಿ. ಆದ್ರ ಖಾತ್ರಿ ಆಗವಲ್ದು. ಐದು ಮಿನಿಟ ಗಪ್ಪ ತಗೀರಿ. ನಾ ಅದರ ಸದ್ದು ಕೇಳಿ ಹೇಳ್ತೇನಿ."

ಅವನಿಗೇನು ಭಯ ಎಂದು ಅವಳಿಗೆ ಗೊತ್ತಿತ್ತು. ಆ ವಿದ್ಯುತ್ ಭಟ್ಟಿ ಅಂದರೆ ಒಂದು ದೊಡ್ಡ ಹಂಡೆ. ಒಳಗೆ ಮೂರು ಟನ್ ಕರಗಿದ ಕಬ್ಬಿಣ. ಅದನ್ನು ಹಿಡಿದಿಡುವುದು ಅಂಗೈ ಅಗಲದ ದಪ್ಪದ ಒಂದು ಒಳಗೋಡೆ; ಅವರೆಲ್ಲ ಅದಕ್ಕೆ ಲೈನಿಂಗ್ ಅನ್ನುತ್ತಿದ್ದರು. ಆ ಗೋಡೆಯ ಆಚೆಗೆ ತಾಮ್ರದ ಕೊಳವೆಯ ಸುರುಳಿ, ಸುರುಳಿಯೊಳಗೆ ಹರಿಯುವ ನೀರು. ಗೋಡೆ ಸೀಳಿ ಕಬ್ಬಿಣ ಆ ನೀರನ್ನು ಮುಟ್ಟಿದರೆ ಆಮೇಲೆ ಓಡಲು ಸಮಯವಿರುವುದಿಲ್ಲ.

ಅದಕ್ಕೇ ಒಂದು ಸೋರಿಕೆ ಮಾಪಕ ಇತ್ತು. ಕಬ್ಬಿಣ ಗೋಡೆಯೊಳಗೆ ಇಳಿಯುತ್ತಾ ಸುರುಳಿಯ ಕಡೆ ಬಂದರೆ ಮಾಪಕದ ಅಂಕಿ ಏರುತ್ತದೆ. ಮಂದಾಕಿನಿ ನೋಡಿದಳು. ಸೊನ್ನೆ. ಹಿಂದಿನ ದಿನಗಳದ್ದೂ ನೋಡಿದಳು. ಒಂಬತ್ತು ದಿನದಿಂದ ಸೊನ್ನೆ.

"ಚಾಚಾ, ಇದಕ್ಕಿಂತ ಚಲೋ ಇರಾಕ ಸಾಧ್ಯನ ಇಲ್ಲ."

"ಮಾಪಕ ಅದರದ್ದು ಹೇಳ್ತೈತ್ರಿ. ನಾ ನಂದು ಹೇಳಾಕತ್ತೇನಿ."

ಅವಳು ತನ್ನ ಕೋಣೆಗೆ ಬಂದು ಬೆಂಗಳೂರಿನ ಪ್ರಯೋಗಾಲಯಕ್ಕೆ ವಿಡಿಯೊ ಕರೆ ಮಾಡಿದಳು. ಮೌನಜಾಲವನ್ನು ಅಲ್ಲಿಂದಲೇ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಸುಹಾಸ್. ಅವನ ಬೆನ್ನ ಹಿಂದಿನ ಪರದೆಯ ಮೇಲೆ ಫೌಂಡ್ರಿಯ ನಕ್ಷೆ. ಪ್ರತಿ ಯಂತ್ರದ ಮೇಲೂ ಎರಡು ಗೆರೆಗಳು ಒಂದಕ್ಕೊಂದು ಕನ್ನಡಿಯ ಹಾಗೆ ಓಡುತ್ತಿದ್ದವು.

"ಮೇಡಂ, ನಿಜವಾದ ಸದ್ದಿನ ರೆಕಾರ್ಡಿಂಗ್ ನಮ್ಮ ಹತ್ರ ಇದೆ. ಕಳಿಸ್ತೀನಿ, ಅವರಿಗೆ ಕೇಳಿಸಿ. ವ್ಯವಸ್ಥೆ ಆಫ್ ಮಾಡೋದು ಯಾಕೆ?"

ಹೆಡ್‌ಫೋನ್ ಹಾಕಿ, ಕೋಣೆಗೆ ಕರೆಸಿದ ದಸ್ತಗೀರಸಾಬನಿಗೆ ಕೇಳಿಸಿದಳು; ವಿಡಿಯೊ ಕರೆ ಇನ್ನೂ ಚಾಲೂ ಇತ್ತು. ಅವನು ಕಣ್ಣು ಮುಚ್ಚಿ ಕೇಳಿ, ಹೆಡ್‌ಫೋನನ್ನು ಮರ್ಯಾದೆಯಿಂದ ಮೇಜಿನ ಮೇಲಿಟ್ಟ.

"ಇದು ಭಟ್ಟಿ ಫೋಟೊ ಐತ್ರಿ. ಭಟ್ಟಿ ಅಲ್ಲ."

ಸುಹಾಸ್ ನಗಲಿಲ್ಲ. "ಅವರು ಹೇಳೋದು ಪೂರ್ತಿ ತಪ್ಪಲ್ಲ," ಎಂದ. "ನಮ್ಮ ಚಿಪ್ ತನಗೆ ಬೇಕಾದಷ್ಟು ಸದ್ದನ್ನ ಮಾತ್ರ ತಗೊಳ್ಳುತ್ತೆ. ಇನ್ನೊಂದು ವಿಷಯ ಹೇಳ್ತೀನಿ ಮೇಡಂ. ಎಲ್ಲರೂ ಸದ್ದು ಹೋಗಿದೆ ಅಂದ್ಕೊಂಡಿದ್ದಾರೆ. ಹೋಗಿಲ್ಲ. ಅಲ್ಲಿ ಈಗ ಎರಡು ಸದ್ದಿದೆ. ಎರಡೂ ಸೇರಿ ನಿಮಗೆ ಕೇಳಿಸ್ತಿಲ್ಲ, ಅಷ್ಟೆ."

ಇದನ್ನು ಕೇಳಿ ಅವಳ ತಲೆ ಇನ್ನಷ್ಟು ಕೆಟ್ಟಿತು. ಗಪ್ಪ ತೆಗೆದರೆ ಅರವತ್ತೆಂಟು ಜನರ ಬರಿಗಿವಿಯ ಮೇಲೆ ಒಮ್ಮೆಲೇ ನೂರು ಡೆಸಿಬೆಲ್‌ಗೂ ಮೀರಿದ ಸದ್ದು. ಮಾಪಕ ಸೊನ್ನೆ ತೋರಿಸುತ್ತಿರುವಾಗ ಒಬ್ಬನ ಅನಿಸಿಕೆಗೆ ಅದನ್ನು ಮಾಡುವುದೇ? ದಸ್ತಗೀರಸಾಬನ ಕಿವಿ ಪರೀಕ್ಷೆಯ ಹಾಳೆ ತೆಗೆದು ನೋಡಿದಳು. ಗೆರೆ ಬಲಕ್ಕೆ ಹೋಗುತ್ತಾ ಗುಡ್ಡದಿಂದ ಕಲ್ಲು ಉರುಳಿದಂತೆ ಇಳಿದಿತ್ತು. ಸಣ್ಣ, ತೆಳು ಸದ್ದುಗಳು ಅವನಿಗೆ ಕೇಳಿಸುವುದೇ ಇಲ್ಲ. ದಪ್ಪ ಸದ್ದುಗಳಷ್ಟೇ ಉಳಿದಿದ್ದವು. ಅರ್ಧ ಕಿವುಡನೊಬ್ಬ, ನನಗೆ ಕೇಳಿಸಿಕೊಳ್ಳಲು ಬಿಡಿ ಎಂದು ಕೇಳುತ್ತಿದ್ದ.

"ನಾಳೆ ನೋಡೋಣ್ರಿ," ಎಂದಳು. ಹಾಗೆ ಹೇಳಿದ್ದಕ್ಕೆ ಸಂಜೆಯವರೆಗೂ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಮನೆಗೆ ಬಂದವಳೇ ಬರೆದಳು: "ಅಪ್ಪಾ, ಗ್ರೈಂಡಿಂಗ್ ಚಕ್ರ ಒಡೀತೈತಿ ಅಂತ ನಿಮಗ ಮೊದಲ ಹೆಂಗ ಗೊತ್ತಾಗ್ತಿತ್ತು?"

ಬಸಲಿಂಗಪ್ಪ ಓದಿ, ಎಡಗೈಯನ್ನು ಮೊಣಕಾಲ ಮೇಲಿಟ್ಟ. ಆ ಕೈಯಲ್ಲಿ ಎರಡು ಬೆರಳಿರಲಿಲ್ಲ. ಅವು ಹೇಗೆ ಹೋದವು ಎಂದು ಅವಳು ಹೈಸ್ಕೂಲಿನ ದಿನಗಳಿಂದ ಕೇಳಿದ್ದಳು: ಚಕ್ರ ಒಡೆಯಿತು. ಅಷ್ಟೇ ಅವನು ಹೇಳುತ್ತಿದ್ದುದು.

"ಹೊಸಾ ಚಕ್ರ ಹಾಕೂ ಮುಂದ ಕಟಿಗೀಲೆ ಬಡದು ನೋಡ್ತಿದ್ವಿ. ಗಟ್ಟಿ ಇದ್ರ ಗಂಟಿ ಹಂಗ ಠಣ್ ಅಂತೈತಿ. ಒಳಗ ಬಿರುಕು ಇದ್ರ ಬೊದ್ ಅಂತೈತಿ. ನನ್ನ ಕೈಯಾಗ ಒಂದೂ ತಪ್ಪತಿದ್ದಿಲ್ಲ. ಮಂದಿ ತಮ್ಮ ಚಕ್ರ ತಂದು ನನ್ನ ಕಡೆ ಬಡಸ್ಕೊಂಡು ಹೋಗ್ತಿದ್ರು." ಅವನು ಆ ಕೈಯನ್ನು ಮಗುಚಿಟ್ಟ. "ಆಮ್ಯಾಲ ಕಿವಿ ಹೋತು. ಬಡದೆ, ಏನೂ ಕೇಳಸಲಿಲ್ಲ. ಕೇಳಸೂದಿಲ್ಲ ಅಂತ ಯಾರಿಗೂ ಹೇಳಾಕ ನಾಚಿಕಿ ಬಂತು. ಹಾಕಿಬಿಟ್ಟೆ."

ಇಷ್ಟು ವರ್ಷದಲ್ಲಿ ಅವನು ಇದನ್ನು ಹೇಳಿದ್ದು ಇದೇ ಮೊದಲು. ಮಂದಾಕಿನಿ ಆ ಕೈಯನ್ನು ಹಿಡಿದು ಕುಳಿತಳು. ಸದ್ದು ಮೊದಲು ಅಪ್ಪನ ಕಿವಿ ತೆಗೆದುಕೊಂಡಿತು. ಸದ್ದಿಲ್ಲದ್ದು ಆಮೇಲೆ ಬೆರಳು ತೆಗೆದುಕೊಂಡಿತು. ಯಾವುದರಿಂದ ಯಾರನ್ನು ಕಾಯುವುದು ತನ್ನ ಕೆಲಸ?

ಮರುದಿನ ಬೆಳಿಗ್ಗೆ ಅವಳು ಸ್ಟೋರಿನಿಂದ ಇಯರ್‌ಪ್ಲಗ್ ಡಬ್ಬಿಗಳನ್ನು ತರಿಸಿದಳು. ಪ್ರತಿಯೊಬ್ಬರ ಕಿವಿಗೂ ಪ್ಲಗ್ ಹೋಗಿದ್ದನ್ನು ತಾನೇ ನೋಡಿದಳು. ಮ್ಯಾನೇಜರ್ ಹೆರೇಕರ್ ಬಂದು ಪಕ್ಕದಲ್ಲಿ ನಿಂತರು. ಗುಂಡಿ ಒತ್ತಿದಳು.

ಐದು ತಿಂಗಳ ಮೇಲೆ ಸದ್ದು ವಾಪಸು ಬಂತು. ಗೋಡೆ ಕುಸಿದ ಹಾಗೆ. ಪ್ಲಗ್ ಇದ್ದೂ ಕೆಲವರು ತಲೆ ಹಿಡಿದುಕೊಂಡು ಕುಳಿತರು. ದಸ್ತಗೀರಸಾಬ ಮಾತ್ರ ಬರಿಗಿವಿಯಲ್ಲಿ ಎರಡನೇ ಭಟ್ಟಿಯ ಕಟ್ಟೆಯ ಮೇಲೆ ನಿಂತ. ಕುತ್ತಿಗೆ ಸ್ವಲ್ಪ ಓರೆ ಮಾಡಿದ. ನಾಲ್ಕು ಹೆಜ್ಜೆ ಎಡಕ್ಕೆ ಹೋದ, ಎರಡು ಹೆಜ್ಜೆ ಹಿಂದಕ್ಕೆ ಬಂದ, ನಿಂತ. ಅವನ ಮುಖ ಬಿಳಿಚಿತು.

ಅವನು ಕೆಳಗೆ ಬಂದು ಅವಳ ಕಿವಿಯ ಬಳಿ ಕೂಗಿದ: "ಖಾಲಿ ಮಾಡ್ರಿ. ಈಗ. ಕಬ್ಬಿಣ ಸುರಿಯೂ ಕಾಲುವಿ ಕಡೆ ಮಗ್ಗಲಿಗೆ ಲೈನಿಂಗ್ ತಿಂದೈತಿ."

ಹೆರೇಕರ್ ಮಾಪಕದ ಕಡೆ ಬೆರಳು ತೋರಿಸಿದರು. ಸೊನ್ನೆ. ಏನೋ ಕೂಗಿದರು, ಕೇಳಿಸಲಿಲ್ಲ. ಆದರೆ ಅವರ ಪ್ರಶ್ನೆ ಏನೆಂದು ಅವಳಿಗೆ ಗೊತ್ತಿತ್ತು. ಕೆಲಸ ನಿಲ್ಲಿಸುವ ಕೆಂಪು ಚೀಟಿ ಅವಳ ಜೇಬಿನಲ್ಲಿತ್ತು. ಎಂಟು ವರ್ಷದಲ್ಲಿ ಭಟ್ಟಿಗೆ ಅದನ್ನು ಬಳಸಿರಲಿಲ್ಲ. ನಂಬಿದ್ದರಿಂದ ಸಹಿ ಹಾಕಿದಳೋ, ಆ ಮುಖದ ಬಣ್ಣ ನೋಡಿ ಹಾಕಿದಳೋ, ಅವಳಿಗೆ ಆಮೇಲೂ ಹೇಳಲಾಗಲಿಲ್ಲ.

ಭಟ್ಟಿಯನ್ನು ಬಗ್ಗಿಸಿ ಕಬ್ಬಿಣವನ್ನೆಲ್ಲ ಒಣ ಮರಳಿನ ಗುಂಡಿಗೆ ಸುರಿದರು. ಆರಲು ಒಂದಿಡೀ ದಿನ ಬೇಕಾಯಿತು. ಬುಧವಾರ ಮಧ್ಯಾಹ್ನ ಲೈನಿಂಗ್ ಒಡೆದಾಗ ಕಾಲುವೆಯ ಕಡೆಯ ಮಗ್ಗುಲಲ್ಲಿ ಗೋಡೆಯೊಳಗೆ ಹೊಕ್ಕ ಕಬ್ಬಿಣದ ಒಂದು ತೆಳು ರೆಕ್ಕೆ ಸಿಕ್ಕಿತು. ಅದರ ತುದಿಗೂ ತಾಮ್ರದ ಸುರುಳಿಗೂ ನಡುವೆ ಒಂದು ಬೆರಳಿನಷ್ಟೂ ಜಾಗ ಉಳಿದಿರಲಿಲ್ಲ. ಮಾಪಕದ ತಂತಿ ಬುಡದಲ್ಲೇ ತುಂಡಾಗಿತ್ತು. ಸರಿ ಇರುವ ಮಾಪಕ ಯಾವಾಗಲೂ ಸ್ವಲ್ಪ ಅಲುಗುತ್ತದೆ, ಒಂದೋ ಎರಡೋ ತೋರಿಸುತ್ತದೆ. ಅಲುಗದ ಸೊನ್ನೆ ತೋರಿಸುವುದು ಸತ್ತ ಮಾಪಕ. ಇದು ಅವಳಿಗೆ ಗೊತ್ತಿದ್ದ ವಿಷಯವೇ. ಆದರೂ ಒಂಬತ್ತು ದಿನದ ಆ ಸೊನ್ನೆ ನೋಡಿ ಸಂತೋಷಪಟ್ಟಿದ್ದಳು. ಅಲ್ಲೇ ಮರಳಿನ ಮೇಲೆ ಕುಳಿತಳು.

ಆ ವಾರ ಫೌಂಡ್ರಿ ಎರಡು ಪಾಲಾಯಿತು. ಗಪ್ಪ ಕಿತ್ತು ಒಗೆಯಿರಿ ಎಂದು ಅರ್ಧ ಜನ. ನಮ್ಮ ಮಕ್ಕಳ ಮಾತು ಈಗಷ್ಟೇ ಕೇಳಿಸುತ್ತಿದೆ, ಕಿತ್ತರೆ ನಾವು ಬರುವುದಿಲ್ಲ ಎಂದು ಇನ್ನರ್ಧ. ಹೆರೇಕರ್ ಅವಳನ್ನು ಕರೆದು, "ಮೇಡಂ, ನನಗ ಒಂದ ಮಾತಿನಾಗ ಹೇಳ್ರಿ. ಇಡೋಣೋ, ತಗಿಯೋಣೋ?" ಎಂದರು.

"ಒಂದ ಮಾತಿನಾಗ ಬರೂದಿಲ್ರಿ ಸರ್."

ಕಡೆಗೆ ಅವಳು ಬರೆದುಕೊಟ್ಟದ್ದು ಹೀಗಿತ್ತು. ಮಾಪಕಕ್ಕೆ ಜೋಡಿ ತಂತಿ, ಒಂದು ತುಂಡಾದರೂ ಇನ್ನೊಂದು ಇರಲಿ ಎಂದು. ಪ್ರತಿದಿನ ಬೆಳಿಗ್ಗೆ ಎಲ್ಲರೂ ಪ್ಲಗ್ ಹಾಕಿಕೊಂಡ ಮೇಲೆ ಹತ್ತು ನಿಮಿಷ ಗಪ್ಪ ಬಂದ್. ಭಟ್ಟಿ ಕೇಳುವವರು ಮಾತ್ರ ಬರಿಗಿವಿಯಲ್ಲಿ ನಿಂತು ಕೇಳುವುದು. ಹತ್ತು ನಿಮಿಷ ನಿಯಮದ ಮಿತಿಯೊಳಗೇ ಇತ್ತು. ಆದರೆ ಕೇಳುವವರು ಯಾರು? ದಸ್ತಗೀರಸಾಬನಿಗೆ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು.

"ಯಂತ್ರಕ್ಕೆ ಕಲಿಸಬಹುದು," ಎಂದ ಸುಹಾಸ್. "ಆದರೆ ಕೆಟ್ಟ ಭಟ್ಟಿ ಸದ್ದು ಎಷ್ಟಿದೆ ನಮ್ಮ ಹತ್ರ? ಒಂದು. ಒಂದರಿಂದ ಅದು ಕಲಿಯಲ್ಲ. ನೂರಾದರೂ ಬೇಕು."

"ನೂರು ಭಟ್ಟಿ ಕೆಡಸ್ಲಿ ಅಂತೀರೇನು?"

ಸುಹಾಸ್ ಆ ಒಂದೇ ರೆಕಾರ್ಡಿಂಗಿಗೆ ದಿನಾಂಕ ಹಾಕಿ ಎತ್ತಿಟ್ಟ.

ಬೇರೆ ಯಾರನ್ನಾದರೂ ನಿಲ್ಲಿಸಬೇಕೆಂದರೆ ಅವಳು ಒಬ್ಬನ ಹೆಸರು ಬರೆಯಬೇಕಿತ್ತು. ಇವನ ಕಿವಿ ದಿನಕ್ಕೆ ಹತ್ತು ನಿಮಿಷ ಈ ಸದ್ದಿಗೆ ಎಂದು ಬರೆದು ಸಹಿ ಹಾಕಬೇಕಿತ್ತು. ಪಟ್ಟಿ ಮುಂದಿಟ್ಟುಕೊಂಡು ಅರವತ್ತೆಂಟು ಹೆಸರನ್ನೂ ಓದಿದಳು. ಒಂದನ್ನೂ ಬರೆಯಲು ಕೈ ಬರಲಿಲ್ಲ. ಕಡೆಗೆ ತನ್ನ ಹೆಸರು ಬರೆದಳು.

ಮೊದಲ ದಿನ ಅವಳಿಗೆ ಕೇಳಿಸಿದ್ದು ಗದ್ದಲ ಮಾತ್ರ. ಎರಡನೇ ದಿನವೂ ಅಷ್ಟೆ. "ಎಲ್ಲಾ ಒಮ್ಮೆಲೆ ಕೇಳಬ್ಯಾಡ್ರಿ," ಎಂದು ದಸ್ತಗೀರಸಾಬ ಅವಳ ಕಿವಿಯಲ್ಲಿ ಕೂಗುತ್ತಿದ್ದ. "ಫ್ಯಾನ್ ತಗೀರಿ. ಪಂಪ್ ತಗೀರಿ. ಉಳಿದದ್ದು ಭಟ್ಟಿ." ಮೂರನೇ ವಾರಕ್ಕೆ ಫ್ಯಾನು ಬೇರೆಯಾಯಿತು. ಐದನೇ ವಾರಕ್ಕೆ, ಎರಡು ಭಟ್ಟಿಗಳ ಗುಂಯ್ ಒಂದೇ ಅಲ್ಲ, ಒಂದು ಸ್ವಲ್ಪ ದಪ್ಪ ಎಂದು ತಿಳಿಯಿತು. ಅವತ್ತು ಅವನು ಖುಷಿಯಿಂದ ಅವಳಿಗೆ ತನ್ನ ಡಬ್ಬಿಯ ಶೀರ್ಕುರ್ಮಾ ಪಾಯಸ ತಿನ್ನಿಸಿದ.

ನಲವತ್ತೊಂದನೇ ಬೆಳಿಗ್ಗೆ ಅವಳಿಗೆ ಬೇರೆಯದೇ ಒಂದು ಕೇಳಿಸಿತು. ಗುಂಯ್ ಎನ್ನುವ ದಪ್ಪ ಸದ್ದಿನ ಮೇಲೆ, ಕೂದಲಿನಂಥ ತೆಳು ಎಳೆ. ಬಿಡದೆ. ಒಂದನೇ ಭಟ್ಟಿಯ ಮುಂದೆ ನಿಂತಾಗ. ಅವಳು ಕೈ ಎತ್ತಿದಳು.

ದಸ್ತಗೀರಸಾಬ ಬಂದು ಪಕ್ಕ ನಿಂತ. ಎರಡು ನಿಮಿಷ ಕೇಳಿದ. "ನನಗ ಏನೂ ಇಲ್ರಿ."

"ನನಗ ಐತಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಷ್ಟು ತೆಳು ಸದ್ದು ಅವನಿಗೆ ಕೇಳಿಸುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಮಾಪಕ ಎರಡು ತೋರಿಸುತ್ತಾ ಅಲುಗುತ್ತಿತ್ತು, ಅಂದರೆ ಬದುಕಿತ್ತು.

"ಕೇಳಿದವರು ನೀವು. ನೀವ ಹೇಳ್ರಿ," ಎಂದ ಅವನು.

ಅವಳು ಕೆಂಪು ಚೀಟಿಗೆ ಸಹಿ ಹಾಕಿದಳು.

ಮರುದಿನ ಮಧ್ಯಾಹ್ನ ಲೈನಿಂಗ್ ಒಡೆದರು. ಗೋಡೆ ಸುತ್ತಲೂ ಗಟ್ಟಿಯಾಗಿತ್ತು. ಒಂದು ಗೀರೂ ಇರಲಿಲ್ಲ. ಹೆರೇಕರ್ ಬ್ಯಾಟರಿ ಹಿಡಿದು ಖಾಲಿ ಭಟ್ಟಿಯೊಳಗೆ ಬಹಳ ಹೊತ್ತು ನೋಡಿದರು. "ಏನ್ ಕೇಳಿದ್ರಿ ಮೇಡಂ?" ಎಂದರು. ದನಿಯಲ್ಲಿ ಕೋಪ ಇರಲಿಲ್ಲ, ಇದ್ದಿದ್ದರೆ ಸುಲಭವಾಗುತ್ತಿತ್ತು.

"ಗೊತ್ತಿಲ್ರಿ ಸರ್. ಆದ್ರ ಕೇಳಸಿತ್ತು."

ಅವರು ಹೋದ ಮೇಲೆ ದಸ್ತಗೀರಸಾಬ ಅವಳಿಗೆ ಚಹಾ ತಂದುಕೊಟ್ಟು, ಒಡೆದ ಲೈನಿಂಗ್ ತುಂಡುಗಳ ಪಕ್ಕ ಕುಳಿತ. "ನಾನೂ ಹೊಸದಾಗಿ ಬಂದಾಗ ಮೂರು ಸಲ ಹೇಳಿದ್ದೆ, ಭಟ್ಟಿ ಕೆಟ್ಟೈತಿ ಅಂತ. ಯಾರೂ ಕಿವಿ ಮ್ಯಾಲ ಹಾಕ್ಕೊಳ್ಳಲಿಲ್ಲ. ಏನೂ ಆಗಲಿಲ್ಲ. ನಾ ತಪ್ಪಿದ್ದೆನೋ, ನಸೀಬ ಚಲೋ ಇತ್ತೋ, ಇವತ್ತಿನ ತನಕ ಗೊತ್ತಿಲ್ರಿ. ನೀವು ಒಡದಾದ್ರೂ ನೋಡಿದ್ರಿ."

ಆ ಮಾತಿನಿಂದ ಅವಳಿಗೆ ಸಮಾಧಾನವಾಯಿತು. ಸಂಜೆಯವರೆಗೆ ಆ ಸಮಾಧಾನ ಇತ್ತು.

ಸಂಜೆ ಅಡುಗೆಮನೆಯಲ್ಲಿ ಒಲೆ ಆರಿಸಿದಳು. ಹೊರಗೆ ಅಪ್ಪ ಎಂದಿನಂತೆ ಸದ್ದಿಲ್ಲದ ಟೀವಿ ನೋಡುತ್ತಿದ್ದ. ಮನೆ ನಿಶ್ಶಬ್ದವಾಗಿತ್ತು. ಆ ನಿಶ್ಶಬ್ದದೊಳಗೆ, ಕೂದಲಿನಂಥ ತೆಳು ಎಳೆ. ಬಿಡದೆ. ಅವಳು ಫ್ರಿಜ್ಜಿನ ಪ್ಲಗ್ ಕಿತ್ತಳು. ಮೇನ್ ಸ್ವಿಚ್ ಆರಿಸಿದಳು. ಎರಡೂ ಕಿವಿಗೆ ಬೆರಳಿಟ್ಟುಕೊಂಡಳು. ಆಗ ಅದು ಇನ್ನೂ ಚೆನ್ನಾಗಿ ಕೇಳಿಸಿತು.

ಅದು ಭಟ್ಟಿಯದಲ್ಲ. ಅವಳ ಕಿವಿಯದೇ.

ಟೀವಿ ಆರಿದ್ದಕ್ಕೆ ಅಪ್ಪ ಒಳಗೆ ಬಂದು, "ಕರೆಂಟ್ ಹೋತೇನವ್ವಾ?" ಎಂದ. "ನಿಮಗೂ ಹಿಂಗ ಶುರು ಆಗಿತ್ತೇನು?" ಎಂದು ಅವಳು ಮೊಬೈಲಿನಲ್ಲಿ ಬರೆದಳು, ತೋರಿಸುವ ಮೊದಲೇ ಅಳಿಸಿ, ಹೋಗಿ ಸ್ವಿಚ್ ಹಾಕಿದಳು.

ಮರುದಿನ, ಶುಕ್ರವಾರ, ಎಲ್ಲರಿಗಿಂತ ಮೊದಲು ಫೌಂಡ್ರಿಗೆ ಹೋದಳು. ದಸ್ತಗೀರಸಾಬ ಹೊಸ ಲೈನಿಂಗಿಗೆ ಪುಡಿ ಕುಟ್ಟಿಸುತ್ತಿದ್ದ. ಅವನನ್ನು ಬದಿಗೆ ಕರೆದು ಹೇಳಿದಳು.

"ಹೊಂಯ್ ಅಂತ, ತೆಳ್ಳಗ?" ಎಂದ ಅವನು. "ಅದು ನನಗ ಇಪ್ಪತ್ತು ವರ್ಷದಿಂದ ಐತ್ರಿ. ಮಲಗಿದ್ರೂ ಐತಿ, ನಮಾಜಿಗೆ ನಿಂತ್ರೂ ಐತಿ. ಫ್ಯಾನ್ ತಗದಂಗ, ಪಂಪ್ ತಗದಂಗ, ಅದನ್ನೂ ತಗದು ಕೇಳಬೇಕ್ರಿ."

"ಹತ್ತ ಮಿನಿಟ ಚಾಚಾ. ನಿಯಮದ ಮಿತಿ ಒಳಗ ಐತಿ."

"ನಿಮ್ಮ ಕಿವಿಗೆ ನಿಯಮ ಗೊತ್ತಿಲ್ಲ ಅನಸ್ತೈತಿ."

ಬೇರೆ ಯಾರಾದರೂ ಬಂದು ಹೀಗೆ ಹೇಳಿದ್ದರೆ ಅವರನ್ನು ಅವತ್ತೇ ಅಲ್ಲಿಂದ ಬದಲಾಯಿಸುತ್ತಿದ್ದಳು. ಯೋಚಿಸುವ ಪ್ರಶ್ನೆಯೇ ಇರಲಿಲ್ಲ. ಆದರೆ ತಾನು ಹೋದರೆ ಆ ಜಾಗಕ್ಕೆ ಇನ್ನೊಂದು ಹೆಸರು ಬರೆಯಬೇಕು. ಬರೆಯದಿದ್ದರೆ ಒಂದು ವರ್ಷದ ಮೇಲೆ ಆ ಭಟ್ಟಿಗಳನ್ನು ಕೇಳುವವರು ಯಾರೂ ಇರುವುದಿಲ್ಲ.

"ನಾ ನಿಲ್ಲಬೇಕೋ ಬ್ಯಾಡೋ, ಚಾಚಾ?"

ಅವನು ಅವಳ ಮುಖ ನೋಡಿದ. ಆಮೇಲೆ ನೆಲ ನೋಡಿದ. "ಸೇಫ್ಟಿ ಮೇಡಂ ನೀವ ಅದೀರಿ," ಎಂದ.

ಅವಳು ಕೋಣೆಗೆ ಹೋಗಿ ಕಿವಿ ವೈದ್ಯರ ಬಳಿಗೆ ತನ್ನ ಹೆಸರಿನಲ್ಲಿ ಚೀಟಿ ಬರೆದಳು. ಇನ್ನು ಯಾರೂ ಸತತ ಎರಡು ವಾರಕ್ಕಿಂತ ಹೆಚ್ಚು ಬರಿಗಿವಿಯಲ್ಲಿ ನಿಲ್ಲಕೂಡದು ಎಂದು ಹೊಸ ಸುತ್ತೋಲೆ ಬರೆಯಲು ಶುರುಮಾಡಿದಳು. ಎರಡು ವಾರ ಯಾಕೆ, ಮೂರು ಯಾಕಲ್ಲ ಎಂದು ಯಾರಾದರೂ ಕೇಳಿದರೆ ಹೇಳಲು ಅವಳ ಬಳಿ ಏನೂ ಇರಲಿಲ್ಲ. ಸುತ್ತೋಲೆ ಅರ್ಧದಲ್ಲಿರುವಾಗಲೇ ಬೆಳಗಿನ ಗಂಟೆ ಹೊಡೆಯಿತು. ಹೊರಗೆ ಅರವತ್ತೆಂಟು ಜನ ಕಿವಿಗೆ ಪ್ಲಗ್ ಒತ್ತಿಕೊಂಡು ಅವಳಿಗಾಗಿ ಕಾಯುತ್ತಿದ್ದರು.

ಮಂದಾಕಿನಿ ಎಡಗಿವಿಗೆ ಪ್ಲಗ್ ಹಾಕಿಕೊಂಡಳು. ಬಲಗಿವಿಯದನ್ನು ಕೈಯಲ್ಲೇ ಹಿಡಿದುಕೊಂಡು ಎರಡನೇ ಭಟ್ಟಿಯ ಕಟ್ಟೆ ಹತ್ತಿ, ಗಪ್ಪ ಬಂದ್ ಮಾಡುವ ಗುಂಡಿ ಒತ್ತಿರಿ ಎಂದು ಕೈಸನ್ನೆ ಮಾಡಿದಳು.